ನಾದದ ಪೆಟ್ಟಿಗೆಗೆ ಕರೆಂಟು ಎಲ್ಲಿಂದ

1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅಮೆರಿಕದಿಂದ ಒಂದು ಮೋಗ್ ಸಿಂಥಸೈಜರ್ ಬಂತು. ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಅಲ್ಲಿ ನೆಲೆಗೊಳಿಸಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಮುಂತಾದವರು ಕೆಲವು ವರ್ಷ ಅದರ ಮುಂದೆ ಕೂತು ಈ ದೇಶ ಅದುವರೆಗೆ ಕೇಳದ ಬಗೆಯ ಸಂಗೀತ ಮಾಡಿದರು. ಅವರ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ದಶಕಗಳ ಕಾಲ ಉಳಿದವು. ಬ್ರಿಟನ್ನಿನ ಪಾಲ್ ಪುರ್ಗಾಸ್ ಅವನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ, ಆಲ್ಬಮ್ ಆಗಿ ಹೊರಬಂದವು. ಆ ಸಂಗೀತಕ್ಕೆ ಸಂಸ್ಥೆಯ ಗೋಡೆಯಾಚೆ ಒಂದು ಪರಂಪರೆ ಬೆಳೆಯದೆ ಹೋದದ್ದಕ್ಕೆ ಕಾರಣಗಳು ಹಲವಿರಬಹುದು. ಮುಖ್ಯವಾದ ಒಂದು ಕಣ್ಣೆದುರಿಗೇ ಇದೆ. ಆ ಯಂತ್ರ ಕೋಣೆ ಬಿಟ್ಟು ಕದಲುವಂಥದ್ದಾಗಿರಲಿಲ್ಲ, ಅಂಥ ಇನ್ನೊಂದನ್ನು ಸ್ವಂತ ದುಡ್ಡಿನಲ್ಲಿ ತರಿಸಿಕೊಳ್ಳುವುದು ಇಲ್ಲಿನ ಸಂಗೀತಗಾರರಿಗೆ ಆಗುವ ಮಾತಾಗಿರಲಿಲ್ಲ. ಇಂದು ಅದೇ ಜಾತಿಯ ವಾದ್ಯ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಕೂರುತ್ತದೆ, ಮೊಬೈಲಿಗೆ ಚಾರ್ಜು ಕೊಡುವ ಪವರ್ ಬ್ಯಾಂಕಿನಿಂದ ನಡೆಯುತ್ತದೆ, ಬೆಸುಗೆ ಕಡ್ಡಿ ಹಿಡಿಯಬಲ್ಲ ಕಾಲೇಜು ಹುಡುಗಿಯೊಬ್ಬಳು ತಾನೇ ಕಟ್ಟಿಕೊಳ್ಳಬಹುದಾದಷ್ಟು ಅಗ್ಗವಾಗಿದೆ. ನಡುವಿನ ಈ ದೂರವನ್ನು ಸಾಮಾನ್ಯವಾಗಿ ಚಿಪ್ಪುಗಳ ಕಥೆಯಾಗಿ ಹೇಳುತ್ತಾರೆ: ಟ್ರಾನ್ಸಿಸ್ಟರುಗಳು ಕುಗ್ಗಿದವು, ಬೆಲೆ ಇಳಿಯಿತು, ವಾದ್ಯ ಕೈಗೆ ಬಂತು. ಅದು ಅರ್ಧ ಕಥೆ. ಮಾಡ್ಯುಲರ್ ಸಿಂಥಸೈಜರನ್ನು ಜನರ ಕೈಗೆ ತಂದದ್ದು ಧ್ವನಿ ಹುಟ್ಟಿಸುವ ಭಾಗಗಳಿಗಿಂತ ಹೆಚ್ಚಾಗಿ ಅವಕ್ಕೆ ವಿದ್ಯುತ್ ಉಣಿಸುವ ಭಾಗ, ಮತ್ತು ಆ ಭಾಗದ ಬಗ್ಗೆ ತಯಾರಕರು ಮಾಡಿಕೊಂಡ ಒಡಂಬಡಿಕೆ ಎಂಬುದು ನನ್ನ ವಾದ.

ವಾದಕ್ಕೆ ಬುಡ ಬೇಕಾದರೆ ಈ ವಾದ್ಯದ ಸ್ವಭಾವವನ್ನು ಮೊದಲು ನೋಡಬೇಕು. ಹಾರ್ಮೋನಿಯಂ ಆಗಲಿ ವಿದ್ಯುತ್ ಕೀಬೋರ್ಡ್ ಆಗಲಿ ಒಂದು ಮುಗಿದ ವಸ್ತು. ಮಾಡ್ಯುಲರ್ ಸಿಂಥಸೈಜರ್ ಹಾಗಲ್ಲ. ಕಂಪನ ಹುಟ್ಟಿಸುವ ಆಸಿಲೇಟರ್ ಒಂದು ಬಿಡಿ ಘಟಕ, ಅದರ ನಾದವನ್ನು ತಿದ್ದುವ ಫಿಲ್ಟರ್ ಇನ್ನೊಂದು, ಏರಿಳಿತ ಕೊಡುವ ಆಂಪ್ಲಿಫಯರ್ ಮತ್ತೊಂದು. ಇವನ್ನು ವೈರುಗಳಿಂದ ಬೇಕಾದಂತೆ ಜೋಡಿಸುವವರು ನುಡಿಸುವವರೇ. ನ್ಯೂಯಾರ್ಕ್ ರಾಜ್ಯದಲ್ಲಿ ರಾಬರ್ಟ್ ಮೋಗ್ 1964ರಲ್ಲಿ ಸಂಯೋಜಕ ಹರ್ಬರ್ಟ್ ಡಾಯ್ಚ್ ಜೊತೆ ಸೇರಿ ಇದರ ಮೊದಲ ರೂಪ ಕಟ್ಟಿದರು. ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದ ಟೇಪ್ ಮ್ಯೂಸಿಕ್ ಸೆಂಟರಿನ ಮಾರ್ಟನ್ ಸಬಾಟ್ನಿಕ್ ಮತ್ತು ರಾಮೋನ್ ಸೆಂಡರ್ ಕೇಳಿಕೊಂಡ ಮೇರೆಗೆ ಡಾನ್ ಬುಕ್ಲಾ ತಮ್ಮದೇ ದಾರಿಯಲ್ಲಿ ಇನ್ನೊಂದನ್ನು ಕಟ್ಟಿದರು. ಅದಕ್ಕೆ ಸಿಕ್ಕಿದ್ದು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಬಂದ 500 ಡಾಲರ್. ಇಂಥ ವಾದ್ಯಕ್ಕೆ ಒಟ್ಟು ಎಷ್ಟು ಕರೆಂಟು ಬೇಕೆಂದು ಕಟ್ಟಿದವನಿಗೇ ಮೊದಲು ಗೊತ್ತಿರುವುದಿಲ್ಲ, ಏಕೆಂದರೆ ಅದರ ಒಡೆಯ ನಾಳೆ ಇನ್ನೆರಡು ಘಟಕ ಸೇರಿಸುತ್ತಾನೆ. ಮುಗಿದ ವಾದ್ಯದ ತಯಾರಕ ಲೆಕ್ಕ ಹಾಕಿ ತಕ್ಕ ಟ್ರಾನ್ಸ್‌ಫಾರ್ಮರ್ ಇಟ್ಟು ಮುಚ್ಚಳ ಹಾಕಬಹುದು. ಇಲ್ಲಿ ಮುಚ್ಚಳವೇ ಇಲ್ಲ. ಉಳಿದ ಎಲ್ಲ ವಿಷಯಗಳಲ್ಲಿ ಒಬ್ಬೊಬ್ಬ ತಯಾರಕ ತನ್ನ ಮನಸ್ಸಿಗೆ ಬಂದಂತೆ ನಡೆಯಬಹುದು. ಎಲ್ಲ ಘಟಕಗಳೂ ಮುಂಚಿತವಾಗಿ ಒಪ್ಪಲೇಬೇಕಾದದ್ದು ವಿದ್ಯುತ್ ಪೂರೈಕೆ.

ಅದರ ಮೇಲೆ ಇನ್ನೊಂದು ತೊಡಕಿದೆ. ಧ್ವನಿಯ ಅಲೆ ಸೊನ್ನೆಯ ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ಅದನ್ನು ಸರಾಗವಾಗಿ ನಡೆಸಲು ಅನಲಾಗ್ ಸರ್ಕ್ಯೂಟುಗಳು ಧನ ವೋಲ್ಟೇಜು, ಋಣ ವೋಲ್ಟೇಜು, ನಡುವೆ ಸೊನ್ನೆಯ ಗ್ರೌಂಡ್ ಈ ಮೂರನ್ನೂ ಕೇಳುತ್ತವೆ. ಟಾರ್ಚಿಗಾಗಲಿ ರೇಡಿಯೊಗಾಗಲಿ ಈ ಬೇಡಿಕೆ ಇಲ್ಲ. ಅಂಗಡಿಯಲ್ಲಿ ಸಿಗುವ ಬ್ಯಾಟರಿಯಾಗಲಿ ಡಿಸಿ ಅಡಾಪ್ಟರಾಗಲಿ ಒಂದೇ ದಿಕ್ಕಿನ ವೋಲ್ಟೇಜು ಕೊಡುತ್ತದೆ. ಈ ಋಣ ವೋಲ್ಟೇಜನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಅರವತ್ತು ವರ್ಷಗಳಿಂದ ಈ ವಾದ್ಯದ ಗಾತ್ರವನ್ನೂ ಬೆಲೆಯನ್ನೂ ಆಳುತ್ತ ಬಂದಿದೆ.

ಚಿಪ್ಪುಗಳೇ ಎಲ್ಲಕ್ಕೂ ಕಾರಣ ಎನ್ನುವವರಿಗೆ ಲಂಡನ್ನಿನ ಇಎಂಎಸ್ ಕಂಪನಿಯ ಇತಿಹಾಸವೇ ಉತ್ತರ. ಪೀಟರ್ ಝಿನೊವಿಯೆಫ್, ಟ್ರಿಸ್ಟ್ರಾಂ ಕ್ಯಾರಿ, ಡೇವಿಡ್ ಕಾಕರೆಲ್ ಮೂವರೂ ಸೇರಿ 1969ರಲ್ಲಿ ಹೊರತಂದ ವಿಸಿಎಸ್3 ಎಂಬ ವಾದ್ಯದ ಬೆಲೆ 330 ಪೌಂಡ್. ಮೋಗ್ ಯಂತ್ರಗಳಿಗೆ ಹೋಲಿಸಿದರೆ ತೀರ ಕಡಿಮೆ. ಅದರಲ್ಲಿ ವೈರುಗಳ ಜಡೆಯೇ ಇರಲಿಲ್ಲ. 16 ಸಾಲು, 16 ಕಂಬದ ತೂತುಗಳ ಹಲಗೆಯಲ್ಲಿ ಚಿಕ್ಕ ಗೂಟಗಳನ್ನು ಸಿಕ್ಕಿಸಿ ಘಟಕಗಳನ್ನು ಜೋಡಿಸಬಹುದಿತ್ತು. 1971ರಲ್ಲಿ ಅದೇ ಸರ್ಕ್ಯೂಟನ್ನು ಒಂದು ಬ್ರೀಫ್‌ಕೇಸಿಗೆ ಇಳಿಸಿ ಸಿಂಥಿ ಎ ಎಂದು ಹೆಸರಿಟ್ಟರು. ಗಾತ್ರದ ಸಮಸ್ಯೆ ಅಲ್ಲಿಗೇ ಬಗೆಹರಿಯಿತು ಎಂದು ತೋರುತ್ತದೆ. ಆದರೆ ಆ ಬ್ರೀಫ್‌ಕೇಸ್ ತೆರೆದ ಕೂಡಲೇ ಗೋಡೆಯ ಸಾಕೆಟ್ ಹುಡುಕಬೇಕಿತ್ತು, ಇನ್ನೊಂದು ಘಟಕ ಸೇರಿಸಲು ಅದರಲ್ಲಿ ಜಾಗವೂ ಇರಲಿಲ್ಲ. ಒಯ್ಯಬಹುದಾಗಿತ್ತು, ಆದರೆ ಬೆಳೆಸುವಂತಿರಲಿಲ್ಲ. 1973ರ ಬುಕ್ಲಾ ಮ್ಯೂಸಿಕ್ ಈಸಲ್ ಕೂಡ ಸೂಟ್‌ಕೇಸಿನಲ್ಲಿ ಕೂತ ಸೊಗಸಾದ ವಾದ್ಯ. ಅದೂ ಬೆರಳೆಣಿಕೆಯ ಜನರ ಕೈಗಷ್ಟೇ ಹೋಯಿತು. ಇತ್ತ 741 ಎಂಬ ಆಪ್-ಆಂಪ್ ಚಿಪ್ಪು 1968ರಲ್ಲೇ ಬಂದು ಕೆಲವೇ ವರ್ಷಗಳಲ್ಲಿ ಚಿಲ್ಲರೆ ಕಾಸಿನ ವಸ್ತುವಾಗಿತ್ತು. ಚಿಪ್ಪಷ್ಟೇ ಸಾಕಾಗಿದ್ದರೆ 1970ರ ದಶಕದಲ್ಲೇ ಜೋಳಿಗೆಯ ಮಾಡ್ಯುಲರ್ ಮನೆಮನೆಗೆ ಬರಬೇಕಿತ್ತು. ಬರಲಿಲ್ಲ.

ಬಂದದ್ದು ಬಿಡಿಭಾಗಗಳ ಕಿಟ್ಟು. ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್ ಕಾಲೇಜಿನಲ್ಲಿ ಕಲಿಸುತ್ತಿದ್ದ ಸರ್ಜ್ ಚೆರೆಪ್ನಿನ್ 1970ರ ದಶಕದ ಮೊದಲ ವರ್ಷಗಳಲ್ಲಿ ರಿಚ್ ಗೋಲ್ಡ್, ರ‍್ಯಾಂಡಿ ಕೋಹೆನ್ ಜೊತೆ ಸೇರಿ, ದುಬಾರಿ ಬುಕ್ಲಾ ಯಂತ್ರದ ಬದಲಿಗೆ ಬಡ ಸಂಗೀತಗಾರ ಕಟ್ಟಿಕೊಳ್ಳಬಹುದಾದದ್ದನ್ನು ರೂಪಿಸಿದರು. ವಿದ್ಯಾರ್ಥಿಗಳು ಚಂದಾ ಹಾಕಿ ಭಾಗಗಳನ್ನು ಕೊಂಡು, ಗುಂಪಾಗಿ ಕೂತು ಬೆಸುಗೆ ಹಾಕಿ, ತಂತಮ್ಮ ಯಂತ್ರ ಹೊತ್ತುಕೊಂಡು ಮನೆಗೆ ಹೋದರು. ಈ ವಾದ್ಯದ ಇತಿಹಾಸದಲ್ಲಿ ನನಗೆ ಅತ್ಯಂತ ಆಪ್ತವಾದ ಅಧ್ಯಾಯ ಇದು, ಏಕೆಂದರೆ ಕಲಾವಿದರು ತಮ್ಮ ಸಲಕರಣೆಯ ಒಡೆತನವನ್ನು ತಾವೇ ಪಡೆದ ಸ್ಪಷ್ಟ ನಿದರ್ಶನ ಇಲ್ಲಿದೆ. ಓಕ್ಲಹಾಮ ಸಿಟಿಯಲ್ಲಿ ಜಾನ್ ಸಿಮೊಂಟನ್ ಅವರ ಪಾಯಾ ಕಂಪನಿ ಅಂಚೆಯಲ್ಲಿ ಕಿಟ್ಟು ಕಳಿಸುತ್ತಿತ್ತು. 1972ರಿಂದ ಬರ್ನಿ ಹಚಿನ್ಸ್ ಹೊರಡಿಸಿದ ಎಲೆಕ್ಟ್ರೊನೋಟ್ಸ್ ಪತ್ರಿಕೆ ಸರ್ಕ್ಯೂಟುಗಳನ್ನು ಮುಚ್ಚಿಡದೆ ಬಿಡಿಸಿ ವಿವರಿಸುತ್ತಿತ್ತು. ಕಿಟ್ಟು ಬೆಲೆಯನ್ನು ಇಳಿಸಿತು, ಜ್ಞಾನವನ್ನು ಹಂಚಿತು. ಆದರೂ ಸರ್ಜ್ ಘಟಕ ಪಾಯಾ ಪೆಟ್ಟಿಗೆಯಲ್ಲಿ ಕೂರುತ್ತಿರಲಿಲ್ಲ, ಬುಕ್ಲಾ ಘಟಕ ಮೋಗ್ ಪೆಟ್ಟಿಗೆಯಲ್ಲಿ ಕೂರುತ್ತಿರಲಿಲ್ಲ. ಒಬ್ಬೊಬ್ಬರ ವೋಲ್ಟೇಜು ಬೇರೆ, ಕನೆಕ್ಟರ್ ಬೇರೆ, ಎತ್ತರ ಬೇರೆ. ಒಂದು ಊರಿನಲ್ಲಿ ನಾಲ್ವರು ಕಟ್ಟಿದರೆ ನಾಲ್ಕು ದ್ವೀಪಗಳಾಗುತ್ತಿದ್ದವು.

ಬ್ಯಾಟರಿಯ ದಾರಿಯನ್ನೂ ಆಗಲೇ ತುಳಿದು ನೋಡಿದ್ದರು. ಪಾಯಾದವರು 1970ರ ದಶಕದ ನಡುವೆ ತಂದ ಗ್ನೋಮ್ ಎಂಬ ಪುಟ್ಟ ಸಿಂಥಸೈಜರ್ 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಸ್ಟ್ಯಾನ್ಲಿ ಲುನೆಟ್ಟಾ ಎಂಬ ಅಮೆರಿಕನ್ ಸಂಗೀತಗಾರ ಇನ್ನೂ ಮುಂದೆ ಹೋಗಿ, ಗಣಿತಕ್ಕೆಂದು ಮಾಡಿದ ಸೀಮಾಸ್ ಲಾಜಿಕ್ ಚಿಪ್ಪುಗಳಿಂದಲೇ ನಾದ ಹುಟ್ಟಿಸಿದರು. ಆ 4000 ಸರಣಿಯ ಚಿಪ್ಪುಗಳಿಗೆ ಋಣ ವೋಲ್ಟೇಜು ಬೇಡ. 3ರಿಂದ 15 ವೋಲ್ಟಿನವರೆಗೆ ಏನು ಕೊಟ್ಟರೂ ನಡೆಯುತ್ತವೆ, ಕುಡಿಯುವ ಕರೆಂಟೂ ಅತ್ಯಲ್ಪ. ಇಂದಿಗೂ ಆ ಬಗೆಯ ವಾದ್ಯಗಳನ್ನು ಕಟ್ಟುವವರು ಲುನೆಟ್ಟಾ ಎಂದೇ ಕರೆಯುತ್ತಾರೆ. ಬಿಡಿಗಾಸಿನ ಒಂದು ಷ್ಮಿಟ್ ಟ್ರಿಗರ್ ಚಿಪ್ಪಿನಲ್ಲಿ ಆರು ಆಸಿಲೇಟರ್ ಮಾಡಬಹುದು. ಒಂದೊಂದಕ್ಕೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸಾಕು. ಹಾಗಿದ್ದರೆ ಬ್ಯಾಟರಿಯೇ ಉತ್ತರವಲ್ಲವೇ ಎಂದು ಕೇಳಬಹುದು. ಪೂರ್ತಿ ಅಲ್ಲ. ಸಾಮಾನ್ಯ 9 ವೋಲ್ಟ್ ಆಲ್ಕಲೈನ್ ಬ್ಯಾಟರಿಯಲ್ಲಿ ಇರುವುದು ಸುಮಾರು 500 ಮಿಲಿಆಂಪ್-ಗಂಟೆ. ಅಂಥ ಎರಡನ್ನು ಬೆನ್ನಿಗೆ ಬೆನ್ನು ಜೋಡಿಸಿದರೆ ಧನವೂ ಋಣವೂ ಸಿಗುತ್ತವೆ; 30 ಮಿಲಿಆಂಪ್ ಎಳೆಯುವ ಪುಟ್ಟ ವಾದ್ಯ ಹದಿನೈದು ಗಂಟೆಯಾದರೂ ಹಾಡೀತು. ಅದೇ ಜೋಡಿಯಿಂದ 400 ಮಿಲಿಆಂಪ್ ಕೇಳಿದರೆ ವೋಲ್ಟೇಜು ಕುಸಿಯುತ್ತದೆ, ಅದರೊಂದಿಗೆ ಶ್ರುತಿಯೂ ಇಳಿಯುತ್ತದೆ. ಒಂದೇ ಬ್ಯಾಟರಿಯಿಂದ ಋಣ ವೋಲ್ಟೇಜು ತೆಗೆಯುವ 7660 ಎಂಬ ಚಿಪ್ಪೂ ಬಂತು. ಅದು ಕೊಡುವುದು ಕೆಲವು ಹತ್ತು ಮಿಲಿಆಂಪ್ ಮಾತ್ರ. ಸಾಲದ್ದಕ್ಕೆ ಅದರ ಒಳಗಿನ ಸ್ವಿಚ್ಚು ಸೆಕೆಂಡಿಗೆ ಸುಮಾರು 10,000 ಸಲ ಬಡಿಯುವುದರಿಂದ, ಎಚ್ಚರ ತಪ್ಪಿದರೆ ಸೊಳ್ಳೆಯಂಥ ಸಣ್ಣ ಕೊರೆತ ಧ್ವನಿಯಲ್ಲಿ ಬೆರೆತುಬಿಡುತ್ತದೆ.

ನಮ್ಮ ಬೆಂಗಳೂರಿನ ಕೊಡುಗೆಯನ್ನು ಇಲ್ಲಿ ನೆನೆಯಬೇಕು. 1979ರಲ್ಲಿ ರೇಡೆಲ್‌ನ ಜಿ. ರಾಜನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಕಛೇರಿಗಳ ಚಹರೆಯನ್ನೇ ಬದಲಿಸಿತು. ರೈಲಿನಲ್ಲಿ ಒಯ್ಯಲು ಹೆದರುವಂಥ ಉದ್ದನೆಯ ವಾದ್ಯದ ಕೆಲಸವನ್ನು ಕೈಚೀಲದ ಪೆಟ್ಟಿಗೆಯೊಂದು ವಹಿಸಿಕೊಂಡಿತು. ಅದು ಮಾಡ್ಯುಲರ್ ಅಲ್ಲ, ಆಗಬೇಕಾಗಿಯೂ ಇರಲಿಲ್ಲ. ತಂಬೂರಿಯ ಕೆಲಸ ಒಂದೇ ಆದ್ದರಿಂದ ಅದಕ್ಕೆ ಬೇಕಾದ ಕರೆಂಟನ್ನು ತಯಾರಕರು ಒಮ್ಮೆ ಲೆಕ್ಕ ಹಾಕಿದರೆ ಮುಗಿಯಿತು. ಒಯ್ಯಬಹುದಾದ, ಕೈಗೆಟಕುವ ಎಲೆಕ್ಟ್ರಾನಿಕ್ ನಾದ ಆ ಕಾಲದಲ್ಲೇ ಸಾಧ್ಯವಿತ್ತು ಎಂಬುದಕ್ಕೆ ಅದು ಸಾಕ್ಷಿ. ಮಾಡ್ಯುಲರಿಗೆ ಅಡ್ಡವಾಗಿದ್ದದ್ದು ಚಿಪ್ಪಿನ ಬೆಲೆಯಲ್ಲ, ಕೊನೆಯಿಲ್ಲದೆ ಬೆಳೆಯುವ ಅದರ ಗುಣ ಎಂಬುದಕ್ಕೂ ಅದೇ ಸಾಕ್ಷಿ.

ಗಂಟು ಬಿಚ್ಚಿದ್ದು ಜರ್ಮನಿಯ ಮ್ಯೂನಿಕ್ ಬಳಿಯ ಗ್ರೆಫೆಲ್ಫಿಂಗ್‌ನಲ್ಲಿ. ಡೀಟರ್ ಡೋಪ್ಫರ್ 1995-96ರಲ್ಲಿ ಎ-100 ಎಂಬ ಮಾಡ್ಯುಲರ್ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದರು. ಅವರು ಹೊಸ ಪೆಟ್ಟಿಗೆಯನ್ನು ಕಂಡುಹಿಡಿಯುವ ಗೋಜಿಗೆ ಹೋಗಲಿಲ್ಲ. ಪ್ರಯೋಗಾಲಯದ ಉಪಕರಣಗಳಿಗೆ ಮೊದಲೇ ಇದ್ದ ಯೂರೋಕಾರ್ಡ್ ಚೌಕಟ್ಟಿನ ಅಳತೆಯನ್ನೇ ತೆಗೆದುಕೊಂಡರು. ಮುಂಭಾಗದ ಫಲಕದ ಎತ್ತರ 128.5 ಮಿಲಿಮೀಟರ್, ಅಗಲದ ಒಂದು ಮಾನ 5.08 ಮಿಲಿಮೀಟರ್, ವೈರಿನ ತುದಿಗೆ 3.5 ಮಿಲಿಮೀಟರಿನ ಸಣ್ಣ ಜ್ಯಾಕ್. ಪೆಟ್ಟಿಗೆಯ ಬೆನ್ನಿಗೆ ಒಂದು ಬಸ್ ಬೋರ್ಡು: ಅದರಲ್ಲಿ +12 ವೋಲ್ಟ್, −12 ವೋಲ್ಟ್, ಗ್ರೌಂಡ್, ಬೇಕಾದವರಿಗೆ +5 ವೋಲ್ಟ್. ಪ್ರತಿ ಘಟಕದಿಂದ ಒಂದು ಚಪ್ಪಟೆ ರಿಬ್ಬನ್ ಕೇಬಲ್ ಬಂದು ಅದರ ಮೇಲೆ ಕೂರುತ್ತದೆ. ಈ ವಿವರಗಳನ್ನು ಡೋಪ್ಫರ್ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರು, ಬೇರೆಯವರು ಅದೇ ಅಳತೆಗೆ ಘಟಕ ಮಾಡಲು ಅಡ್ಡಿ ಹಾಕಲಿಲ್ಲ. ಯೂರೋರ‍್ಯಾಕ್ ಎಂಬ ಹೆಸರಿನಲ್ಲಿ ಇಂದು ನೂರಾರು ತಯಾರಕರು, ಸಾವಿರಾರು ಘಟಕಗಳು ಆ ಅಳತೆಯ ಮೇಲೆ ನಿಂತಿವೆ. ಪ್ಯಾರಿಸ್ಸಿನ ಎಮಿಲಿ ಗಿಲೆ ತಮ್ಮ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ಘಟಕಗಳ ನಕ್ಷೆಗಳನ್ನೇ ಮುಕ್ತವಾಗಿ ಬಿಟ್ಟದ್ದರಿಂದ, ಅವನ್ನು ಇನ್ನೂ ಸಣ್ಣ ಫಲಕದಲ್ಲಿ ಕಟ್ಟಿಕೊಳ್ಳುವ ಒಂದು ಪೀಳಿಗೆಯೇ ಹುಟ್ಟಿತು. ಆ ಎಲ್ಲ ಸಣ್ಣ ಫಲಕಗಳೂ ಕುಡಿಯುವುದು ಅದೇ ಬಸ್ ಬೋರ್ಡಿನಿಂದ.

ಇಲ್ಲಿ ಬಲವಾದ ಆಕ್ಷೇಪವೊಂದು ಬರುತ್ತದೆ: ಯೂರೋರ‍್ಯಾಕ್ ಅಗ್ಗವಲ್ಲ. ಒಂದೊಂದು ಘಟಕಕ್ಕೆ ನೂರಿನ್ನೂರು ಡಾಲರ್ ಕೊಟ್ಟು ಗೋಡೆ ತುಂಬಿಸುವ ಶೋಕಿಯಾಗಿ ಅದು ಬೆಳೆದದ್ದು ನಿಜ. ಆದರೆ ಸಿದ್ಧ ಘಟಕದ ಬೆಲೆ ಒಂದು, ಮಾನಕದ ಬೆಲೆ ಇನ್ನೊಂದು. ಮಾನಕಕ್ಕೆ ಬೆಲೆಯೇ ಇಲ್ಲ. ಒಂದು ಖರೀದಿಸಿದ ಫಿಲ್ಟರಿನ ಪಕ್ಕದಲ್ಲಿ ಮನೆಯಲ್ಲಿ ಬೆಸೆದ ಮೂರು ಘಟಕಗಳು ಜಗಳವಿಲ್ಲದೆ ಕೂರುತ್ತವೆ ಎಂಬುದೇ ಕಡಿಮೆ ಖರ್ಚಿನಲ್ಲಿ ಕಟ್ಟುವವರಿಗೆ ಸಿಕ್ಕ ದೊಡ್ಡ ಲಾಭ. ಅವರು ಎಡವುವುದು ಬಹುತೇಕ ಘಟಕದಲ್ಲಿ ಅಲ್ಲ, ಪವರ್ ಸಪ್ಲೈಯಲ್ಲಿ. ಅದನ್ನು ತುಸು ಹತ್ತಿರದಿಂದ ನೋಡೋಣ. ಕೈಕೆಲಸದವರಲ್ಲಿ ಬಹುಕಾಲದಿಂದ ನಡೆದುಬಂದ ಉಪಾಯವೊಂದಿದೆ: ಡಿಸಿ ಅಲ್ಲದ, 12 ವೋಲ್ಟ್ ಎಸಿಯನ್ನೇ ಹೊರಕೊಡುವ ಅಡಾಪ್ಟರ್ ತೆಗೆದುಕೊಳ್ಳುವುದು. ಅದರ ಒಂದು ತಂತಿ ಗ್ರೌಂಡ್. ಇನ್ನೊಂದರಿಂದ ಎರಡು ಡಯೋಡುಗಳು ಎದುರುಬದುರು ದಿಕ್ಕಿನಲ್ಲಿ ಹೊರಟು, ಒಂದು ಧನ ಕೆಪಾಸಿಟರನ್ನೂ ಇನ್ನೊಂದು ಋಣ ಕೆಪಾಸಿಟರನ್ನೂ ತುಂಬುತ್ತವೆ. ಮುಂದೆ 7812 ಮತ್ತು 7912 ಎಂಬ ಎರಡು ರೆಗ್ಯುಲೇಟರುಗಳು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಇವು ಸಲೀಸಾಗಿ ಸಿಗುತ್ತವೆ. 230 ವೋಲ್ಟಿನ ಅಪಾಯ ಅಡಾಪ್ಟರಿನ ಮುಚ್ಚಿದ ಮೈಯೊಳಗೇ ಉಳಿಯುವುದು ಈ ಉಪಾಯದ ಹೆಚ್ಚುಗಾರಿಕೆ. ಪೆಟ್ಟಿಗೆಯೊಳಗೆ 12-0-12 ಟ್ರಾನ್ಸ್‌ಫಾರ್ಮರ್ ಕೂರಿಸಿ ಮನೆಯ ಕರೆಂಟನ್ನೇ ಒಳಗೆ ತರುವುದಕ್ಕಿಂತ ಹೊಸಬರಿಗೆ ಇದು ಎಷ್ಟೋ ಕ್ಷೇಮ.

ಆದರೆ ಲೆಕ್ಕ ಬಿಗಿಯಾಗಿದೆ. 12 ವೋಲ್ಟ್ ಎಸಿಯ ತುದಿ ಸುಮಾರು 17 ವೋಲ್ಟ್. ಡಯೋಡು ತನ್ನ ಪಾಲು ಕಿತ್ತುಕೊಂಡ ಮೇಲೆ 16ಕ್ಕಿಂತ ಸ್ವಲ್ಪ ಹೆಚ್ಚು. ಕೆಪಾಸಿಟರ್ ತುಂಬುವುದು ಸೆಕೆಂಡಿಗೆ 50 ಸಲ ಮಾತ್ರ. ನಡುವಿನ 20 ಮಿಲಿಸೆಕೆಂಡು ಅದು ತನ್ನಲ್ಲಿರುವುದನ್ನೇ ಹಂಚಬೇಕು. 2200 ಮೈಕ್ರೊಫ್ಯಾರಡ್ ಕೆಪಾಸಿಟರಿನಿಂದ 200 ಮಿಲಿಆಂಪ್ ಎಳೆದರೆ ಅಷ್ಟರಲ್ಲಿ 1.8 ವೋಲ್ಟ್ ಇಳಿಯುತ್ತದೆ, ಅಂದರೆ 14.4ರ ಆಸುಪಾಸು. 7812ಗೆ ಕನಿಷ್ಠ 14 ಬೇಕು. ಅಲ್ಲಿಗೆ ಪರವಾಗಿಲ್ಲ. ಆಸೆಗೆ ಬಿದ್ದು ಇನ್ನೆರಡು ಘಟಕ ಸೇರಿಸಿ 400 ಮಿಲಿಆಂಪ್ ಎಳೆದರೆ ತಳ 12.6ಕ್ಕೆ ಕುಸಿಯುತ್ತದೆ, ರೆಗ್ಯುಲೇಟರ್ ಕೈಚೆಲ್ಲುತ್ತದೆ, ಎಲ್ಲ ಸ್ವರಗಳ ಅಡಿಯಲ್ಲೂ ಗುಂಯ್‌ಗುಟ್ಟುವ ಸದ್ದು ಕೇಳತೊಡಗುತ್ತದೆ. ಊರಿನ ಲೈನಿನಲ್ಲಿ 230ರ ಬದಲು 200 ವೋಲ್ಟ್ ಬರುವ ಬೇಸಿಗೆಯ ಸಂಜೆ 200 ಮಿಲಿಆಂಪಿಗೇ ಈ ಗತಿ. ಆಗ ಕಟ್ಟಿದವರು ಆಸಿಲೇಟರನ್ನು ಬೈಯುತ್ತಾರೆ, ಫಿಲ್ಟರಿನ ಚಿಪ್ಪು ಬದಲಿಸುತ್ತಾರೆ. ದೋಷ ಎರಡು ಕೆಪಾಸಿಟರುಗಳಲ್ಲಿದೆ.

ಪವರ್ ಬ್ಯಾಂಕ್ ಬಂದ ಮೇಲೆ ಗೋಡೆಯ ಸಾಕೆಟ್ಟೂ ಬೇಡವಾಯಿತು. 5 ವೋಲ್ಟನ್ನು ±12ಕ್ಕೆ ಏರಿಸುವ ಸ್ವಿಚಿಂಗ್ ಕನ್ವರ್ಟರುಗಳು ಬೆರಳಗಲದ ಹಲಗೆಗಳಲ್ಲಿ ಸಿಗುತ್ತವೆ. +12ರಲ್ಲಿ 400, −12ರಲ್ಲಿ 200 ಮಿಲಿಆಂಪ್ ಎಳೆಯುವ ಪುಟ್ಟ ವಾದ್ಯಕ್ಕೆ ಬೇಕಾದದ್ದು 7.2 ವಾಟ್. 10,000 ಮಿಲಿಆಂಪ್-ಗಂಟೆ ಎಂದು ಬರೆದ ಪವರ್ ಬ್ಯಾಂಕಿನ ಅಂಕಿ ಒಳಗಿನ 3.7 ವೋಲ್ಟ್ ಕೋಶದ್ದು, ಅಂದರೆ 37 ವಾಟ್-ಗಂಟೆ. ಎರಡು ಸಲ ವೋಲ್ಟೇಜು ಬದಲಿಸುವಾಗ ಸೋರಿದ್ದನ್ನು ಕಳೆದರೆ ಕೈಗೆ ಬರುವುದು ಸುಮಾರು 26. ಮೂರೂವರೆ ಗಂಟೆಯ ಸಂಗೀತಕ್ಕೆ ಅದು ಸಾಕು. ಕನ್ವರ್ಟರಿನ ಕಿರಿಕಿರಿ ಸದ್ದು ಇಲ್ಲಿಯೂ ಇದೆ ಎನ್ನುವ ಹಳಬರ ಮಾತು ಸುಳ್ಳಲ್ಲ. ಆದರೆ ಇಂದಿನ ಕನ್ವರ್ಟರುಗಳು ಬಡಿಯುವುದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ, ಕಿವಿಗೆ ಎಟುಕದಷ್ಟು ಮೇಲೆ. ಉಳಿದದ್ದನ್ನು ಒಂದು ಸುರುಳಿ, ಒಂದು ಕೆಪಾಸಿಟರ್ ತಡೆಯುತ್ತವೆ. ಕೆಲವು ಪವರ್ ಬ್ಯಾಂಕುಗಳು ಎಳೆತ ತೀರ ಕಡಿಮೆಯಾದಾಗ ತಾವೇ ಆರಿಹೋಗುತ್ತವೆ ಎಂಬುದನ್ನು ಮಾತ್ರ ಕಛೇರಿಗೆ ಮುಂಚೆ ತಿಳಿದಿರಬೇಕು.

±12ರ ಗೊಡವೆಯನ್ನೇ ಬಿಟ್ಟವರೂ ಇದ್ದಾರೆ. ಜರ್ಮನಿಯ ಎಇ ಮಾಡ್ಯುಲರ್ ವ್ಯವಸ್ಥೆಯಲ್ಲಿ ಸಂಕೇತಗಳೆಲ್ಲ 0ರಿಂದ 5 ವೋಲ್ಟಿನೊಳಗೆ, ವೈರುಗಳು ಬ್ರೆಡ್‌ಬೋರ್ಡಿನ ಜಂಪರುಗಳು. 2019ರ ಕೋರ್ಗ್ ವೋಲ್ಕಾ ಮಾಡ್ಯುಲರ್ ಆರು ಎಎ ಸೆಲ್ಲುಗಳಲ್ಲಿ ನಡೆಯುತ್ತದೆ. ಇವು ಜಾಣ ರಾಜಿಗಳು, ನನ್ನ ವಾದಕ್ಕೆ ಪೂರಕವೇ: ಅಗ್ಗ ಮಾಡಲು ಹೊರಟವರು ಮೊದಲು ಕೈಹಾಕಿದ್ದು ವೋಲ್ಟೇಜಿಗೆ. ಇನ್ನು, 2017ರಿಂದ ವಿಸಿವಿ ರ‍್ಯಾಕ್ ಎಂಬ ಉಚಿತ ಸಾಫ್ಟ್‌ವೇರ್ ಕಂಪ್ಯೂಟರಿನಲ್ಲೇ ಇಡೀ ಮಾಡ್ಯುಲರನ್ನು ಕೊಡುತ್ತಿರುವಾಗ ಬೆಸುಗೆ ಯಾಕೆ ಎಂಬ ಪ್ರಶ್ನೆ. ಕಲಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕಟ್ಟುವ ಮುಂಚೆ ಎಲ್ಲರೂ ಅದರಲ್ಲಿ ಕೆಲವು ತಿಂಗಳು ಕಳೆಯಲಿ. ಆದರೆ ಕಂಪ್ಯೂಟರ್ ಇರುವವರಿಗೆ ಮಾತ್ರ ಅದು ಉಚಿತ. ಬೆಸೆದು ಕಟ್ಟಿದ ಪೆಟ್ಟಿಗೆಯನ್ನು ಮೂವತ್ತು ವರ್ಷದ ಮೇಲೂ ರಿಪೇರಿ ಮಾಡಬಹುದು, ಅದರ ಒಂದೊಂದು ಗುಂಡಿಯೂ ಒಂದು ಬೆರಳಿಗೆ ಸಿಗುತ್ತದೆ.

ಕಟ್ಟಲು ಮನಸ್ಸು ಮಾಡಿದವರಲ್ಲಿ ಒಂದು ಕೋರಿಕೆ. ಬಜೆಟ್ಟಿನ ಮೊದಲ ಪಾಲನ್ನು ಪವರ್ ಸಪ್ಲೈಗೆ ತೆಗೆದಿಡಿ. ನಿಮ್ಮ ಘಟಕಗಳು ಎಳೆಯುವ ಮಿಲಿಆಂಪುಗಳನ್ನು ಕೂಡಿಸಿ, ಅದರ ಮೇಲೆ ಮೂರನೇ ಒಂದು ಭಾಗ ಹೆಚ್ಚಿಗೆ ಇಟ್ಟುಕೊಳ್ಳಿ. ರಿಬ್ಬನ್ ಕೇಬಲಿನ ಕೆಂಪು ಅಂಚು −12ರ ಕಡೆಗೆ ಇರಬೇಕು. ಹತ್ತು ಪಿನ್ನಿನ ಕನೆಕ್ಟರ್ ತಿರುವುಮುರುವಾದರೆ +12 ಮತ್ತು −12 ಅದಲುಬದಲಾಗಿ, ರಕ್ಷಣೆಯ ಡಯೋಡಿಲ್ಲದ ಘಟಕ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಮೊದಲ ಘಟಕ ಸಿಕ್ಕಿಸುವ ಮುಂಚೆ ಖಾಲಿ ಬಸ್ ಬೋರ್ಡಿಗೆ ಕರೆಂಟು ಕೊಟ್ಟು, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಗ್ರೌಂಡಿಗೆ ಹಿಡಿದು, ಎರಡೂ ವೋಲ್ಟೇಜುಗಳನ್ನು ನೀವೇ ಅಳೆದು ನೋಡಿ.